ಹಾಡ್ಯಾಡಿ ಅಳುವವರು

ಮಹಾನಗರದ ಹೊರವಲಯದ ಕಾಮೋಠೆಯಲ್ಲಿ ಹಿಂದಿಯಾಡುತ್ತ ಬೆಳೆದ ಅನಿಲಕುಮಾರನಿಗೆ ಬ್ಲ್ಯಾಕ್ ಮೆಟಲ್ ಎಂಬ ಅಬ್ಬರದ ವಿದೇಶಿ ಸಂಗೀತದ ಹುಚ್ಚು. ಅದೂ ಹೆಸರು ಮಾಡಿದವರದ್ದಲ್ಲ. ಯಾವುದೋ ಹಿಮದೂರಿನಲ್ಲಿ ಒಬ್ಬನೇ ಕೂತು ಚೀರಿದ, ಯಾರೂ ಕೇಳದ ಹಾಡುಗಳನ್ನು ಗೋದಾಮಿನ ಕೆಲಸ ಮುಗಿಸಿ ಬಂದು ಮೊಬೈಲಿನಲ್ಲಿ ಹುಡುಕುತ್ತಿದ್ದ. ಮೊದಲ ಸಲ ಅದನ್ನು ಕೇಳಿದ ತಾಯಿ ಸಾಬವ್ವ ತವೆಯ ಮೇಲಿನ ರೊಟ್ಟಿ ಬಿಟ್ಟು ಓಡಿಬಂದಿದ್ದಳು.

"ಯಾರ್ ಸತ್ತಾರೋ?"

"ಕೋಯೀ ನಹೀ ಮರಾ, ಅವ್ವಾ. ಗಾನಾ ಹೈ."

"ಇದೆಂಥಾ ಹಾಡೋ? ಹೆಣದ ಮುಂದ ಕುಂತು ಹಾಡ್ಯಾಡಿ ಅಳಾಕತ್ತಾನ," ಎಂದಳು ಆಕೆ. ಅನಿಲ ನಕ್ಕುಬಿಟ್ಟಿದ್ದ.

ಮಾರ್ಚಿನಲ್ಲಿ ಅಪ್ಪ ಯಂಕಪ್ಪ ತೀರಿಕೊಂಡ. ಸಾಬವ್ವ ಹೆಣದ ಮುಂದೆ ಕೂತು, ವಿಜಯಪುರದ ತನ್ನೂರಿನಲ್ಲಿ ಅಳುವಂತೆ ಅವನ ಒಂದೊಂದೇ ಗುಣ ಎತ್ತಿ ಹಾಡ್ಯಾಡಿ ಅಳತೊಡಗಿದ್ದೇ ತಡ, ಅವರಿದ್ದ ಕಟ್ಟಡದ ಸೊಸೈಟಿಯ ಸೆಕ್ರೆಟರಿ ಬಾಗಿಲಲ್ಲಿ ಕೈಮುಗಿದು ನಿಂತ. ಮಕ್ಕಳ ಪರೀಕ್ಷೆ ನಡೆದಿದೆ, ಸದ್ದು ಬೇಡ ಎಂದ. ನಾಚಿದ ಅನಿಲ ತಾಯಿಯ ಭುಜ ಅದುಮಿದ. ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಮಣ್ಣು ಮಾಡಿ ಬಂದ ಮರುದಿನ ಅವಳೇ ಕೇಳಿದಳು, "ಆ ಅಳೋ ಹಾಡ ಹಚ್ಚಪಾ."

ಸ್ಪೀಕರ್ ಹಚ್ಚಲು ಹೆದರಿ, ಅನಿಲ ತನ್ನ ಹೆಡ್‌ಫೋನನ್ನು ಅವಳ ಕಿವಿಗೆ ಸಿಕ್ಕಿಸಿದ. ಅವಳು ಕಣ್ಣು ಮುಚ್ಚಿ ಬಹಳ ಹೊತ್ತು ಕಾದಳು. ಆಮೇಲೆ ಅದನ್ನು ತೆಗೆದು ಅವನ ಕೈಗಿಟ್ಟಳು.

"ಇಂವಾ ನಿಮ್ಮಪ್ಪನ ಹೆಸರೇ ತಗೊಳ್ಳವಲ್ಲೋ."