ನಗುವವನೆಂಬ ಸ್ನಾಯು

ಮೊನ್ನೆ ಕಪಾಟು ಕೊಡವುವಾಗ ಅಂಗೈಯಗಲದ ಕನ್ನಡಿಯೊಂದು ಸಿಕ್ಕಿತು. ಅಂಚಿನ ಪಾದರಸ ಎದ್ದುಹೋಗಿದೆ. ಗದಗಿನ ಕಾಲೇಜಿನಲ್ಲಿ ನಮಗೆ ಶರೀರ ರಚನೆ ಕಲಿಸಿದ ಗುರುಗಳು ಕೊಟ್ಟದ್ದು. ಮುಖದ ಸ್ನಾಯುಗಳ ಪಾಠಕ್ಕೆ ಅವರು ಪುಸ್ತಕ ತೆರೆಯಗೊಡುತ್ತಿರಲಿಲ್ಲ. ಇಂಥದೊಂದು ಕನ್ನಡಿ ಕೈಗಿಡುತ್ತಿದ್ದರು.

"ಹೆಸರು ಉರು ಹೊಡಿಬ್ಯಾಡ್ರಿ. ಅದು ಏನ ಕೆಲಸಾ ಮಾಡತೈತಿ ನೋಡ್ರಿ," ಎನ್ನುವರು. ಕೆನ್ನೆಯೊಳಗಿನ ಬಕ್ಸಿನೇಟರ್ ಎಂದರೆ ಲ್ಯಾಟಿನ್ನಿನಲ್ಲಿ ಕಹಳೆ ಊದುವವನು. ಲಕ್ಷ್ಮೇಶ್ವರದ ತಮ್ಮ ಓಣಿಯ ಶಹನಾಯಿಯವನ ಕೆನ್ನೆ ಉಬ್ಬುವುದನ್ನು ತಾವೇ ಊದಿ ತೋರಿಸುತ್ತಿದ್ದರು. ಹುಬ್ಬು ಗಂಟಿಕ್ಕುವ ಕೊರುಗೇಟರ್ ಎಂದರೆ ಸುಕ್ಕು ಮಾಡುವವನು. ತುಟಿಯ ಮೂಲೆಯನ್ನು ಹೊರಕ್ಕೆಳೆಯುವ ರಿಸೋರಿಯಸ್, ನಗುವವನು. ಅದು ಕೆಲವರ ಮುಖದಲ್ಲಿ ಇರುವುದೇ ಇಲ್ಲ...

ಗುರುಗಳದೋ ಸದಾ ಹರಳೆಣ್ಣೆ ಕುಡಿದ ಮುಖ. ನಮಗೆ ಅಷ್ಟೇ ಸಾಕಾಯಿತು. "ಸರ್‌ಗ ರಿಸೋರಿಯಸ್ ಇಲ್ಲ ಬಿಡಲೇ," ಎಂದು ಹಿಂದಿನ ಬೆಂಚಿನಲ್ಲಿ ನಾನು ಅಂದದ್ದು ಅವರ ಕಿವಿಗೆ ಬಿತ್ತು. ಬೈಯಲಿಲ್ಲ.

"ಐತೋ ಇಲ್ಲೋ, ನಾ ಸತ್ತ ಮ್ಯಾಲ ಕೊಯ್ದು ನೋಡಪಾ," ಎಂದರು.

ಅದು ತಮಾಷೆಯಾಗಿರಲಿಲ್ಲ. ಮುಂದೆ ನಾನೂ ಅದೇ ಕಾಲೇಜಿನಲ್ಲಿ ಕಲಿಸತೊಡಗಿದ ಮೇಲೆ ದೇಹದಾನದ ಅರ್ಜಿ ತುಂಬಿ, ನನ್ನಿಂದ ಸಾಕ್ಷಿ ಸಹಿ ಹಾಕಿಸಿದರು. "ಮನಿಯಾಗ ಹೇಳಾಕ ನನಗ ಧೈರ್ಯ ಸಾಲವಲ್ದು. ಹೊತ್ತು ಬಂದಾಗ ನೀನ ಹೇಳು." ಆಗಲಿ ಎಂದೆ.

ಹೊತ್ತು ಬಂತು. ಲಕ್ಷ್ಮೇಶ್ವರದ ಅವರ ಮನೆ ಮುಟ್ಟುವಷ್ಟರಲ್ಲಿ ಮೀಯಿಸಿ, ವಿಭೂತಿ ಹಚ್ಚಿ, ದವಡೆ ಜೋಲದಂತೆ ಬಟ್ಟೆ ಕಟ್ಟಿ, ಗೋಡೆಗೆ ಆನಿಸಿ ಕೂಡಿಸಿದ್ದರು. ನಮ್ಮಲ್ಲಿ ಹೋದವರನ್ನು ಮಲಗಿಸುವುದಿಲ್ಲ. ಕೂತಂತೆಯೇ ಮಣ್ಣಿಗೆ ಒಯ್ಯುತ್ತೇವೆ. ಹೊಲದಲ್ಲಿ ಕುಣಿ ತೋಡಲು ಆಗಲೇ ಹೋಗಿದ್ದರು. ಭಜನೆ ನಡೆದಿತ್ತು. ಅರ್ಜಿ ನನ್ನ ಕಿಸೆಯಲ್ಲಿತ್ತು.

ಅವರ ಹೆಂಡತಿ ಗಂಡನ ಕಾಲ ಬಳಿಯಿಂದ ಎದ್ದು ಬಂದರು. "ತಮ್ಮಾ, ಅವರು ಎಲ್ಲಾ ನಿನ್ನ ಮುಂದ ಹೇಳ್ತಿದ್ರು. ಕಡೀಕ ಏನರ ಆಸೆ ಇಟ್ಕೊಂಡಿದ್ರೇನ?"

ಕೂತವರನ್ನು ಎಬ್ಬಿಸಿ ಗಾಡಿಗೆ ಹಾಕಿ, ನಾಳೆ ಟೇಬಲ್ಲಿನ ಮೇಲೆ ಮಲಗಿಸಿ... ಹೇಗೆ ಹೇಳಲಿ? ಮಂದಿಯೆಲ್ಲ ನನ್ನನ್ನೇ ನೋಡುತ್ತಿದ್ದರು.

"ಏನಿಲ್ರೀ ಅಮ್ಮಾರ," ಎಂದೆ. ಅವರು ತಲೆಯಾಡಿಸಿ ಮತ್ತೆ ಹೋಗಿ ಕೂತರು. ಸಂಜೆ ಎಲ್ಲರೊಡನೆ ನಾನೂ ಹಿಡಿ ಮಣ್ಣು ಹಾಕಿ ಬಂದೆ.

ಗುರುಗಳು ತಮ್ಮಲ್ಲಿದ್ದ ಕೊನೆಯದನ್ನು ಹುಡುಗರಿಗೆ ಕೊಡಬೇಕೆಂದಿದ್ದರು. ನಾಲ್ಕು ಜನರ ಕಣ್ಣಿಗೆ ಅಂಜಿ ಅದನ್ನು ಹುಗಿದವನು ನಾನು. ಆ ಸಂಕಟ ಇನ್ನೂ ಇಳಿದಿಲ್ಲ.

ಇವತ್ತು ಆ ಕನ್ನಡಿಯನ್ನು ತರಗತಿಗೆ ಒಯ್ದೆ. ಅವರ ಕಥೆ ಹೇಳಿದೆ, ಅರ್ಜಿಗೆ ಸಹಿ ಹಾಕಿದ್ದರ ತನಕ ಮಾತ್ರ. ಕನ್ನಡಿ ಹಿಡಿದಿದ್ದ ಹುಡುಗಿ ಕೇಳಿದಳು, "ಮತ್ತ ಅವರ ಮುಖದಾಗ ಆ ನಗುವಂವ ಇದ್ನೇನ್ರಿ ಸರ್?"

"ಇದ್ದನವಾ," ಎಂದೆ. "ನಾನ ಕೊಯ್ದು ನೋಡೇನಿ."