ಎಡಗಡೆಯ ಕರಕರ

ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿ ಸರ್ವೀಸ್ ಮುಗಿಸಿದ ಚೆಲುವರಾಜುವಿಗೆ ಆಸ್ತಿ ಅಂತ ಇದ್ದದ್ದು ಕುಂಬಾರಕೊಪ್ಪಲಿನ ಪುಟ್ಟ ಮನೆ ಮತ್ತು ಎರಡು ಕಿವಿ. ಮನೆಯ ಬಗ್ಗೆ ಅವರು ಜಂಬ ಪಟ್ಟವರಲ್ಲ. ಕಿವಿಯ ಬಗ್ಗೆ ಪಡುತ್ತಿದ್ದರು, ಪಟ್ಟರೆ ತಪ್ಪೂ ಇರಲಿಲ್ಲ. ಓಡುವ ಮೆಷೀನಿನ ಮೈಗೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯಿಟ್ಟು, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ನಿಂತರೆಂದರೆ ಯಾವ ಬೇರಿಂಗು ಸವೆದಿದೆ ಎಂದು ಹೇಳಿಬಿಡುತ್ತಿದ್ದರು. ಹೊಸದಾಗಿ ಸೇರಿದವರಿಗೆ ಅವರ ಉಪದೇಶ ಒಂದೇ: "ಹೆದರ್ಕೊಂಡು ದೂರ ನಿಂತ್ಕೊಂಡ್ರೆ ಮೆಷೀನು ಏನೂ ಹೇಳಕ್ಕಿಲ್ಲ ಕಣೋ. ಹತ್ರ ಹೋಗಿ ಕೇಳು."

ನಿವೃತ್ತಿಯಾದ ಮೇಲೆ ಆ ಕಿವಿಗಳಿಗೆ ಕೆಲಸ ಕೊಟ್ಟದ್ದು ಹಳೆಯದೊಂದು ಜಪಾನಿ ಸ್ಟೀರಿಯೋ ರಿಸೀವರ್. ಜಯಲಕ್ಷ್ಮಿಪುರಂನ ಪ್ರೊಫೆಸರೊಬ್ಬರು ಮನೆ ಖಾಲಿ ಮಾಡುವಾಗ ಸಿಕ್ಕಿದ್ದು. ಬೆಳ್ಳಿ ಬಣ್ಣದ ಮುಖ, ಮರದ ಪೆಟ್ಟಿಗೆ, ಹಾಕಿದರೆ ಹಸಿರಾಗಿ ಬೆಳಗುವ ಸ್ಟೇಷನ್ ಪಟ್ಟಿ, ಮುಷ್ಟಿ ತುಂಬ ಸಿಗುವ ವಾಲ್ಯೂಮ್ ನಾಬ್, ಎಡಕ್ಕೊಂದು ಬಲಕ್ಕೊಂದು ಸ್ಪೀಕರ್. ಬೆಳಗ್ಗೆ ಮೈಸೂರು ಆಕಾಶವಾಣಿ, ಸಂಜೆ ಕ್ಯಾಸೆಟ್ಟು. ಅದನ್ನು ಬೇರೆ ಯಾರೂ ಮುಟ್ಟುವಂತಿಲ್ಲ. ಹೆಂಡತಿ ವಸಂತಮ್ಮ ಒರೆಸುವ ಬಟ್ಟೆ ಹಿಡಿದು ಹತ್ತಿರ ಹೋದರೂ ಮನೆ ಹಾರಿಹೋಗುವಂತೆ ಕೂಗುತ್ತಿದ್ದರು. ಚೆಲುವರಾಜು ಕೆಟ್ಟ ಮನುಷ್ಯರೇನಲ್ಲ. ಆದರೆ ಜೀವಮಾನವೆಲ್ಲ ಕಾರ್ಖಾನೆಯ ಗದ್ದಲದಲ್ಲಿ ಕೂಗಿ ಕೂಗಿ, ಮೆಲ್ಲಗೆ ಬೈಯುವ ವಿದ್ಯೆ ಅವರಿಗೆ ಬಂದಿರಲಿಲ್ಲ. ವಸಂತಮ್ಮ ಆ ಪೆಟ್ಟಿಗೆಗೆ 'ಮಹಾರಾಜರು' ಎಂದು ಹೆಸರಿಟ್ಟು ದೂರದಿಂದಲೇ ಕೈಮುಗಿದಿದ್ದರು.

ದಸರಾ ಮುಗಿದ ಕೆಲವು ದಿನಕ್ಕೆ ಒಂದು ಬೆಳಗ್ಗೆ ವೀಣೆ ಬರುತ್ತಿತ್ತು. ಚೆಲುವರಾಜು ವಾಲ್ಯೂಮ್ ಸ್ವಲ್ಪ ಏರಿಸಿದರು. ಎಡಗಡೆ ಕರಕರ ಎಂದಿತು.

"ವಸಂತಾ, ಎಡಗಡೆ ಏನೋ ಕರಕರ ಅಂತದಲ್ಲ, ಕೇಳಿಸ್ತಾ?"

ವಸಂತಮ್ಮ ಒಲೆಯ ಕಡೆಯಿಂದ ಮುಖ ತಿರುಗಿಸಲಿಲ್ಲ. "ಏನೂ ಇಲ್ವಲ್ಲ. ಸರ್ಯಾಗೇ ಅದೆ ಬುಡಿ."

ಮಾರನೆಯ ದಿನವೂ ಕೇಳಿದರು, ಅದರ ಮಾರನೆಯ ದಿನವೂ ಕೇಳಿದರು. "ನಂಗೇನೂ ಕೇಳ್ಸಾಕಿಲ್ಲಪ್ಪ" ಎಂಬುದೇ ಉತ್ತರ. ಮೂರನೆಯ ಸಲ ಆ ಮಾತು ಬಿದ್ದಾಗ ಚೆಲುವರಾಜು ಒಳಗೊಳಗೇ ಲೆಕ್ಕ ಹಾಕಿದರು. ಅವಳಿಗೆ ಕೇಳುತ್ತಿಲ್ಲ, ತನಗೆ ಕೇಳುತ್ತಿದೆ. ಹಾಗಾದರೆ ಕರಕರ ಇರುವುದು ಪೆಟ್ಟಿಗೆಯಲ್ಲಲ್ಲ, ತನ್ನ ಎಡಗಿವಿಯಲ್ಲಿ.

ಅವರ ಅಪ್ಪನಿಗೂ ಹೀಗೇ ಆಗಿತ್ತು. ಮೊದಲು ಕಿವಿಯೊಳಗೆ ಜೀರುಂಡೆ ಕೂಗುತ್ತದೆ ಎನ್ನುತ್ತಿದ್ದರು. ಆಮೇಲೆ ಏನೂ ಕೇಳಿಸದಾಯಿತು. ಮನೆಮಂದಿಯೆಲ್ಲ ನಗುವಾಗ ಅಪ್ಪ ಎಲ್ಲರ ಬಾಯನ್ನೂ ನೋಡುತ್ತ, ಏನಂದ್ರೋ, ಏನಂದ್ರೋ ಎಂದು ಕೇಳುತ್ತಿದ್ದರು. ಏನಿಲ್ಲ ಬುಡಪ್ಪ ಎಂದುಬಿಡುತ್ತಿದ್ದರು ಎಲ್ಲರೂ, ಚೆಲುವರಾಜು ಕೂಡ. ಬರುಬರುತ್ತ ಅಪ್ಪ ಕೇಳುವುದನ್ನೂ ಬಿಟ್ಟರು. ಊಟಕ್ಕೆ ಭುಜ ತಟ್ಟಿ ಎಬ್ಬಿಸುವುದೊಂದು ಬಿಟ್ಟರೆ ಅವರೊಂದಿಗೆ ಯಾರಿಗೂ ಮಾತಿರಲಿಲ್ಲ. ತನಗೂ ಅದೇ ಗತಿ ಎಂದು ಚೆಲುವರಾಜುವಿಗೆ ಖಚಿತವಾಗಿಹೋಯಿತು.

ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಲ್ಲಿ ಬಿದ್ದಿತ್ತಂತೆ. ಎಡಗಿವಿಗೆ ಒಂದಿಷ್ಟು ಹತ್ತಿ ತುರುಕಿ ನೋಡಿದ್ದರೆ, ಕುರ್ಚಿ ತಿರುಗಿಸಿ ಪೆಟ್ಟಿಗೆಗೆ ಬೆನ್ನು ಹಾಕಿ ಕೂತಿದ್ದರೆ, ಕರಕರ ಕಿವಿಯದೋ ಪೆಟ್ಟಿಗೆಯದೋ ಎಂದು ಹತ್ತನೇ ಕ್ಲಾಸಿನ ಮಕ್ಕಳಿಗೂ ಗೊತ್ತಾಗುತ್ತಿತ್ತು. ಹತ್ತಿರ ಹೋಗಿ ಕೇಳು ಎಂದು ಊರಿಗೆಲ್ಲ ಹೇಳಿದ ಮನುಷ್ಯ ತಾನು ಮಾತ್ರ ಹತ್ತಿರ ಹೋಗಲಿಲ್ಲ. ಗೊತ್ತಾಗುವುದೇ ಅವರಿಗೆ ಬೇಡವಾಗಿತ್ತು. ರಿಸೀವರ್ ಮೇಲೆ ಟವೆಲ್ ಹೊದಿಸಿ, ಬೆಳಗ್ಗೆ ಎದ್ದು ವಾಕಿಂಗ್ ಹೋಗತೊಡಗಿದರು. ವಸಂತಮ್ಮ ಏನಾದರೂ ಹೇಳಿದರೆ ಅರ್ಧಕ್ಕೇ ಹೂಂ ಎಂದು ಎದ್ದುಬಿಡುತ್ತಿದ್ದರು, ಎಲ್ಲಿ ಒಂದು ಮಾತು ಕೇಳಿಸದೆ ಸಿಕ್ಕಿಬೀಳುತ್ತೇನೋ ಎಂದು. ಮನೆಯಲ್ಲಿ ಸದ್ದೇ ಇಲ್ಲವಾಯಿತು.

ಸಂಕ್ರಾಂತಿ ಕಳೆದ ಮೇಲಿನ ಶುಕ್ರವಾರ ವಸಂತಮ್ಮ ಚಾಮುಂಡಿ ಬೆಟ್ಟಕ್ಕೆ ಹೋಗಿದ್ದರು. ಚೆಲುವರಾಜು ಒಬ್ಬರೇ ಕೂತಿದ್ದಾಗ ಮೂಗಯ್ಯ ಬಂದರು. ಕಾರ್ಖಾನೆಯಲ್ಲಿ ಪಕ್ಕದ ಬೆಂಚಿನವರು, ಬುತ್ತಿ ಹಂಚಿಕೊಂಡು ತಿಂದ ಗೆಳೆಯರು. ಮೊಮ್ಮಗಳು ಧರಣಿಯ ಮದುವೆಗೆ ಕರೆಯಲು ಬಂದವರು ಕರೆಯುವುದನ್ನು ಬಿಟ್ಟು ಟವೆಲ್ಲನ್ನೇ ನೋಡಿದರು.

"ಏನ್ಲಾ ಚೆಲುವ, ಮಾರಾಜ್ರಿಗೆ ಜ್ವರವಾ? ಹೊದಿಸಿ ಮಲಗಿಸ್ಬುಟ್ಟಿದ್ದೀಯ."

ಬೇಡ ಎನ್ನುವಷ್ಟರಲ್ಲಿ ಟವೆಲ್ ಕಿತ್ತು ಸ್ವಿಚ್ ಹಾಕಿದರು. ಮಹಾರಾಜರನ್ನು ಹಾಗೆ ಮುಟ್ಟುವ ಧೈರ್ಯ ಇದ್ದದ್ದು ಈ ಭೂಮಿಯ ಮೇಲೆ ಮೂಗಯ್ಯನವರೊಬ್ಬರಿಗೇ. ಯಾವುದೋ ಭಾವಗೀತೆ ಬರುತ್ತಿತ್ತು. ನಾಬ್ ತಿರುಗಿಸಿದವರು ಮುಖ ಕಿವುಚಿದರು.

"ಥೂ! ಇದೇನ್ಲಾ, ಒಗ್ಗರಣೇಲಿ ಸಾಸಿವೆ ಸಿಡ್ದಂಗೆ ಸಿಡೀತದೆ?"

ಚೆಲುವರಾಜು ಕುರ್ಚಿಯಿಂದ ನೆಗೆದೆದ್ದರು. "ನಿಂಗೂ ಕೇಳಿಸ್ತಾ?"

"ಕೇಳ್ದೆ ಏನು? ನಂಗೇನು ಕಿವುಡಾ?"

"ಯಾವ ಕಡೆ? ಸರ್ಯಾಗಿ ಹೇಳು, ಯಾವ ಕಡೆ?"

"ಎಡಗಡೆ ಕಣೋ! ಯಾಕಂಗೆ ಮೇಲೆ ಬೀಳ್ತೀಯ?"

ಚೆಲುವರಾಜು ಗೆಳೆಯನ ಎರಡೂ ಕೈ ಹಿಡಿದುಕೊಂಡರು. ಹಾಲು ಕುಡಿದಷ್ಟು ಸಂತೋಷ ಎನ್ನುತ್ತಾರಲ್ಲ, ಅದಕ್ಕೂ ಒಂದು ಕೈ ಹೆಚ್ಚು. ಅಳು ಬಂದುಬಿಟ್ಟೀತೆಂದು ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡು, ಬರುವಾಗ ಟೂಲ್ ಬಾಕ್ಸ್ ಎತ್ತಿಕೊಂಡೇ ಬಂದರು. ಟೀ ಕೇಳಿದ ಮೂಗಯ್ಯನಿಗೆ ಟಾರ್ಚು ಹಿಡಿಯುವ ಕೆಲಸ ಸಿಕ್ಕಿತು.

ಮೊದಲು ಸ್ಪೀಕರಿನ ವೈರುಗಳನ್ನು ಅದಲುಬದಲು ಮಾಡಿದರು. ಕರಕರ ಬಲಕ್ಕೆ ಹೋಯಿತು. ಅಂದರೆ ಸ್ಪೀಕರಿನ ತಪ್ಪಲ್ಲ, ರೋಗ ಪೆಟ್ಟಿಗೆಯೊಳಗೇ ಇದೆ. ರೇಡಿಯೋ ಬಿಟ್ಟು ಕ್ಯಾಸೆಟ್ ಹಾಕಿದರು. ಆಗಲೂ ಕರಕರ. ಅಂದರೆ ಸ್ಟೇಷನ್ನಿನದೂ ಅಲ್ಲ. ನಾಬ್ ಮುಟ್ಟದೆ ಬಿಟ್ಟರೆ ಹಾಡು ಶುದ್ಧ, ತಿರುಗಿಸಿದರೆ ಸಿಡಿತ. ಕಳ್ಳ ಸಿಕ್ಕಿಬಿದ್ದ. ಪ್ಲಗ್ ಕಿತ್ತು, ಒಳಗಿನ ಕರೆಂಟು ಇಳಿಯಲಿ ಎಂದು ಸ್ವಲ್ಪ ಹೊತ್ತು ಕಾದು, ಮುಚ್ಚಳ ತೆಗೆದು, ನಾಬನ್ನು ಮೆಲ್ಲಗೆ ಹೊರಗೆಳೆದರು.

ನಾಬ್ ಹಿಂದಿನ ಕಡ್ಡಿಯ ಸುತ್ತ ಕೆಂಪು ಕೆಸರು. ಮೂಗಯ್ಯ ಬಗ್ಗಿ ಮೂಸಿದರು. "ಕೊಬ್ರಿ ಎಣ್ಣೆ ಕಣ್ಲಾ. ಕುಂಕುಮ ಬೇರೆ. ಮಾರಾಜ್ರಿಗೆ ಅಭಿಷೇಕ ಆಗದೆ!"

ಚೆಲುವರಾಜುವಿಗೆ ಆಯುಧಪೂಜೆಯ ದಿನ ನೆನಪಾಯಿತು. ಪ್ರತಿವರ್ಷ ಮಹಾರಾಜರ ಪೂಜೆ ಅವರದೇ. ಮರದ ಮೇಲೊಂದು ಬೊಟ್ಟು, ಒಂದು ಸೇವಂತಿಗೆ, ಅಷ್ಟೇ. ಈ ಸಲ ಅವರು ಕಾರ್ಖಾನೆಯ ಪೂಜೆಗೆ ಹೋಗಿದ್ದರು. ಸ್ಕೂಟರ್, ಮಿಕ್ಸಿ, ಹೊಲಿಗೆ ಮೆಷೀನಿನ ಜೊತೆ ಇದರ ಪೂಜೆಯನ್ನೂ ವಸಂತಮ್ಮನೇ ಮಾಡಿದ್ದರು. ನಾಬ್ ಬಿಗಿಯಾಗಿದೆ ಎಂದು ಚೆಲುವರಾಜು ಆ ವಾರವೆಲ್ಲ ಗೊಣಗಿದ್ದುಂಟು. ಬಾಗಿಲ ಚಿಲಕಕ್ಕೆ ಬಿಡುವಂತೆ ಪಾಪ ಇದಕ್ಕೂ ಎಣ್ಣೆ ಬಿಟ್ಟು, ಮೇಲೆ ಕುಂಕುಮ ಹಚ್ಚಿದ್ದಾಳೆ. ವಾಲ್ಯೂಮಿನೊಳಗೆ ಎಡಕ್ಕೊಂದು ಬಲಕ್ಕೊಂದು ಎರಡು ಪದರ ಇರುತ್ತವೆ. ನಾಬಿನ ಕಡೆಗಿರುವುದು ಎಡಗಡೆಯದು. ಎಣ್ಣೆ, ಕುಂಕುಮ ಎರಡೂ ಇಳಿದು ಅಲ್ಲೇ ನಿಂತಿದ್ದವು.

ಕ್ಲೀನರ್ ಸ್ಪ್ರೇ ಹೊಡೆದು, ಈ ತುದಿಯಿಂದ ಆ ತುದಿಗೆ ತಿರುಗಿಸಿ, ಕೆಂಪು ನೀರನ್ನು ಹತ್ತಿಯಲ್ಲಿ ಒತ್ತಿ, ಮತ್ತೆ ಹೊಡೆದು, ಆರಲು ಬಿಟ್ಟು, ಸ್ವಿಚ್ ಹಾಕಿದಾಗ ಹಾಡು ನೀರಿನಷ್ಟು ತಿಳಿಯಾಗಿ ಬಂತು. ಮೂಗಯ್ಯ ಕೊನೆಗೂ ಟೀ ಕುಡಿದು, ಮದುವೆಗೆ ಕರೆದು, ಹೊರಟರು. ಹೋಗುವಾಗ, "ತಂಗ್ಯಮ್ಮನ್ನ ಬೈಬೇಡ ಕಣೋ" ಎಂದರು.

ಬೈಯುವ ವಿಚಾರ ಚೆಲುವರಾಜುವಿನ ತಲೆಯಲ್ಲೇ ಇರಲಿಲ್ಲ. ಅಲ್ಲಿ ಬೇರೆಯೇ ಒಂದು ಪ್ರಶ್ನೆ ಕೂತಿತ್ತು.

ಗೇಟು ತೆಗೆದ ವಸಂತಮ್ಮ ಹಾಡು ಕೇಳಿ ಅಲ್ಲೇ ನಿಂತರು. ಒಳಗೆ ಬಂದು ಮೇಜಿನ ಮೇಲಿನ ಕೆಂಪು ಹತ್ತಿ ನೋಡಿ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡವರಂತೆ ಸೆರಗು ಸರಿಮಾಡಿಕೊಂಡರು.

"ನಿಂಗೆ ಕೇಳಿಸ್ತಿತ್ತು ಅಲ್ವಾ?" ಎಂದರು ಚೆಲುವರಾಜು.

"ಹೂಂ."

"ಮತ್ಯಾಕೆ ಇಲ್ಲ ಅಂದೆ?"

"ನೀವು ಕೂಗಾಡ್ತೀರಲ್ಲ, ಅದ್ಕೇ. ಎರಡು ದಿನಕ್ಕೆ ಸರಿಹೋಗ್ತದೆ ಅಂದ್ಕೊಂಡೆ. ಆಮೇಲೆ ನೀವು ಮಾತೇ ಬುಟ್ರಿ. ಗೊತ್ತಾಗ್ಬುಟ್ಟದೆ, ನನ್ ಮೇಲೆ ಕ್ವಾಪ ಅಂತ ದಿನಾ ಸಾಯ್ತಿದ್ದೆ. ಇವತ್ತು ತಾಯಿ ಹತ್ರ ಅದನ್ನೇ ಬೇಡ್ಕೊಂಡ್ ಬಂದೆ. ಬೈದ್ಬುಡಿ ಒಂದ್ಸಲ, ಮುಗೀಲಿ."

"ಕ್ವಾಪ ಎಲ್ಲಿ ಬಂತು? ನಿಂಗೆ ಕೇಳಿಸ್ದೆ ಇದ್ದಿದ್ದು ನಂಗೆ ಕೇಳಿಸ್ತದೆ ಅಂದ್ರೆ ಕಿವಿ ಹೋಯ್ತು ಅಂತ ಲೆಕ್ಕ ಹಾಕ್ದೆ. ನಮ್ಮಪ್ಪನ ಥರ ಆಗೋಯ್ತು ಅಂದ್ಕೊಂಡೆ."

ವಸಂತಮ್ಮ ಪ್ರಸಾದದ ಚೀಲ ಹಿಡಿದುಕೊಂಡೇ ಕುಕ್ಕರಿಸಿದರು. ಕಣ್ಣು ತುಂಬಿ ಬಂತು. ತುಂಬಿದ ಕಣ್ಣಲ್ಲೇ ಸಿಟ್ಟೂ ಹತ್ತಿಕೊಂಡಿತು.

"ಕಿವಿ ಹೋಯ್ತು ಅಂತ ಮನಸ್ನಾಗೆ ಇಟ್ಕೊಂಡು ನನ್ ಕೈಲೂ ಹೇಳ್ದೆ ತಿರುಗ್ತಿದ್ರಾ? ನಾನೇನು ಸತ್ತೋಗಿದ್ನಾ? ಹೋದ್ರೆ ಹೋಯ್ತು ಕಿವಿ, ಕೂಗಿ ಹೇಳ್ತಿದ್ದೆ! ಈ ಬೀದಿಗೆಲ್ಲ ಕೇಳೋಂಗೆ ಕೂಗಿ ಹೇಳ್ತಿದ್ದೆ, ನಿಮ್ಮಪ್ಪನಂಗೆ ಕೂರಿಸ್ಬುಡ್ತಿದ್ನಾ? ಅಷ್ಟೂ ನಂಬ್ಕೆ ಇಲ್ವಾ..."

ನಲವತ್ತು ವರ್ಷದ ಸಂಸಾರದಲ್ಲಿ ವಸಂತಮ್ಮ ಹೀಗೆ ಬೈದದ್ದು ಇದೇ ಮೊದಲು. ಬೈಯುತ್ತಲೇ ಎದ್ದರು, ಬೈಯುತ್ತಲೇ ಪ್ರಸಾದ ಕೈಗೆ ಹಾಕಿದರು, ಬೈಯುತ್ತಲೇ ಅಡುಗೆಮನೆಗೆ ಹೋದರು. ಅಲ್ಲಿ ದನಿ ತಗ್ಗಿತು, ಪಾತ್ರೆಗಳ ನಡುವೆ ಗೊಣಗಾಟವಾಯಿತು. ಚೆಲುವರಾಜು ಕೈ ಚಾಚಿ ಹಾಡನ್ನು ಪೂರ್ತಿ ಇಳಿಸಿಬಿಟ್ಟರು. ನಾಬ್ ಒಂದು ಚೂರೂ ಸದ್ದು ಮಾಡಲಿಲ್ಲ. ಆಮೇಲೆ ಕುರ್ಚಿಯನ್ನು ಅಡುಗೆಮನೆಯ ಬಾಗಿಲ ಹತ್ತಿರಕ್ಕೆ ಎಳೆದುಕೊಂಡು, ಒಂದು ಮಾತೂ ತಪ್ಪದಂತೆ ಎಲ್ಲವನ್ನೂ ಕೇಳಿಸಿಕೊಳ್ಳುತ್ತ ಕೂತರು.