ಕಡ್ಡಿ ತುಂಬಿದ್ದರೂ ಹೋಗದ ಕರೆ

ಕೊಪ್ಪಳದಿಂದ ಬೆಳಿಗ್ಗೆ ಗಂಗಾವತಿ ಬಸ್ಸು ಹತ್ತಿದೆ. ಹುಲಿಹೈದರದಲ್ಲಿರುವ ನನ್ನ ಅಕ್ಕ ಶಾಂತಮ್ಮನಿಗೆ ಒಂದು ವಾರದಿಂದ ಫೋನ್ ಹೋಗುತ್ತಿರಲಿಲ್ಲ. ‘ಸಂಪರ್ಕಕ್ಕೆ ಸಿಗುತ್ತಿಲ್ಲ’ ಎಂಬ ಮಾತನ್ನು ಕೇಳಿ ಕೇಳಿ, ಹೋಗಿ ನೋಡಿಯೇ ಬರೋಣ ಎಂದು ಹೊರಟಿದ್ದೆ.

ಗಂಗಾವತಿಗೆ ನಲವತ್ತು ಚಿಲ್ಲರೆ ಕಿಲೋಮೀಟರ್. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ನಿಲ್ದಾಣದ ಎದುರು ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದು, ಕನಕಗಿರಿಯಲ್ಲಿ ಬಸ್ಸು ಬದಲಿಸಿ ಮಧ್ಯಾಹ್ನ ಊರು ಮುಟ್ಟಿದೆ. ಮನೆಗೆ ಬೀಗ ಹಾಕಿತ್ತು.

ಪಕ್ಕದ ಮನೆಯ ಬೀಬಿಜಾನ್ ಹೊರಗೆ ಬಂದರು. “ನಿಮಗ ಗೊತ್ತಿಲ್ಲೇನ್ರಿ? ಮೊನ್ನಿ ನಿಮ್ಮ ಭಾವಗ ಎದಿಬ್ಯಾನಿ ಬಂತು. ಗಂಗಾವತಿ ದವಾಖಾನ್ಯಾಗ ಅದಾರ. ನಮ್ಮ ಫೋನಿಂದನ ಅಂಬುಲೆನ್ಸ್ ಗಾಡಿ ಕರಸಿದ್ವಿ.”

ಅದೇ ಗಂಗಾವತಿಯಲ್ಲಿ ಕೂತು ಮಿರ್ಚಿ ತಿಂದು ಬಂದಿದ್ದೆ. ಬಂದ ದಾರಿಯಲ್ಲೇ ತಿರುಗಿದೆ.

ಭಾವ ಹಾಸಿಗೆಯಲ್ಲಿ ಕಣ್ಣು ಬಿಟ್ಟು ಮಲಗಿದ್ದರು. ಅಪಾಯವಿಲ್ಲ ಎಂದು ಡಾಕ್ಟರು ಹೇಳಿದ್ದರಂತೆ. ಅಕ್ಕ ನನ್ನ ಮುಖ ನೋಡಲಿಲ್ಲ.

“ಎಷ್ಟು ಸಲ ಫೋನ್ ಹಚ್ಚಿದ್ನಿ ನಿನಗ. ಒಮ್ಮಿನೂ ಎತ್ತಲಿಲ್ಲ.”

ನನ್ನ ಫೋನು ತೆಗೆದು ತೋರಿಸಿದೆ. ಅವಳ ಒಂದು ಕರೆಯೂ ಬಂದಿರಲಿಲ್ಲ. ಅವಳ ಫೋನಿನಲ್ಲಿ ಸಿಗ್ನಲ್ ಕಡ್ಡಿಗಳೆಲ್ಲ ತುಂಬಿದ್ದವು; ವಿಡಿಯೊ ಕೂಡ ಸರಾಗವಾಗಿ ಓಡಿತು. ಆದರೆ ನನ್ನ ನಂಬರಿಗೆ ಕರೆ ಮಾಡಿದರೆ ಸದ್ದಿಲ್ಲದೆ ಕಟ್ಟಾಯಿತು.

ಆಸ್ಪತ್ರೆ ಎದುರಿನ ಮೊಬೈಲ್ ಅಂಗಡಿಯ ಮಹಬೂಬಸಾಬರಿಗೆ ಇಬ್ಬರೂ ಹೋಗಿ ತೋರಿಸಿದೆವು.

“ಇದು ಹಳೇ 4ಜಿ ಫೋನ್ ಐತ್ರಿ. 4ಜಿಯೊಳಗ ಮಾತೂ ನೆಟ್ಟಿನ್ಯಾಗ ಹೋಗಬೇಕು, ಆ ಕೆಲಸ ಇದಕ್ಕ ಬರಂಗಿಲ್ಲ. ಮಾತಾಡೂ ಮುಂದ ಇದು 3ಜಿಗೆ ಇಳೀತಿತ್ತು. ಹ್ವಾದ ವಾರ ಕಂಪನಿಯವ್ರು 3ಜಿ ಬಂದ್ ಮಾಡ್ಯಾರ. ಈ ಕಡೆ ಅವರದು 2ಜಿನೂ ಇಲ್ಲ.”

“ಮತ್ತ ಕಡ್ಡಿ ತುಂಬಿದ್ವಲ್ರೀ?” ಅಕ್ಕ ಕೇಳಿದಳು.

“ಅವು ನೆಟ್ಟಿನ ಕಡ್ಡಿ, ಅಕ್ಕಾರ.”

ಅಕ್ಕನ ಫೋನಿಗೆ ಕಂಪನಿಯ ಸಂದೇಶ ಬಂದಿತ್ತಂತೆ. ಇಂಗ್ಲಿಷಿನಲ್ಲಿತ್ತು, ಜಾಹೀರಾತು ಎಂದು ಅಳಿಸಿದ್ದಳಂತೆ. ಅಂಗಡಿಯಲ್ಲೇ ಬೇರೆ ಫೋನು ಕೊಂಡು, ಅವಳ ಸಿಮ್ ಹಾಕಿಸಿದೆ.

ಸಂಜೆ ನನ್ನನ್ನು ಬೀಳ್ಕೊಡಲು ಅಕ್ಕ ಆಸ್ಪತ್ರೆಯ ಗೇಟಿನವರೆಗೆ ಬಂದಳು. “ಗಾಡಿ ಒಳಗ ನಿಮ್ಮ ಭಾವ ನಿನ್ನನ್ನ ಕೇಳಿದ್ರು. ಬೇಕಂತನ ಫೋನ್ ಎತ್ತವಲ್ಲಳು ಅಂದಿದ್ನಿ,” ಎಂದಳು.

“ಈಗ ಖರೇ ಏನಂತ ಹೇಳ ಹೋಗು,” ಎಂದೆ.

ಬಸ್ ನಿಲ್ದಾಣಕ್ಕೆ ಹೊರಟ ಆಟೊದಿಂದ ತಿರುಗಿ ನೋಡಿದೆ. ಅಕ್ಕ ಸೆರಗು ಸಿಕ್ಕಿಸಿಕೊಂಡು, ಜನರನ್ನು ಸರಿಸುತ್ತಾ, ವಾರ್ಡಿನ ಕಡೆ ಓಡುತ್ತಿದ್ದಳು.